ಆ್ಯಪ್ ಅಳಿಸಿದರೆ ಸಾಕಾ?

ಅಣ್ಣಾರ, ಬೀಜ-ಗೊಬ್ಬರ ತರಿಸುವ ಆ್ಯಪ್‌ನಿಂದ ಗ್ರಾಹಕರ ಮಾಹಿತಿ ಸೋರಿದೆಯಂತೆ, ಆ್ಯಪ್ ಅಳಿಸಿಬಿಟ್ಟೆ, ಸಾಕಲ್ವಾ ಎಂದು ಕೇಳಿದ್ದೀರಿ. ಸಾಲದು. ಆ್ಯಪ್ ಹೋಗಿದ್ದು ನಿಮ್ಮ ಫೋನಿನಿಂದ ಮಾತ್ರ. ಅವರ ಹತ್ತಿರ ಇದ್ದ ನಿಮ್ಮ ನಂಬರ್, ಪಾಸ್‌ವರ್ಡ್ ಹೊರಗೆ ಹೋಗಿದ್ದರೆ ಹೋದಂತೆಯೇ.

ನನಗೆ ಆದದ್ದು ಹೇಳುತ್ತೇನೆ. ನಾಲ್ಕು ವರ್ಷದ ಹಿಂದೆ ಒಂದು ಶಾಪಿಂಗ್ ಸೈಟಿನ ಮಾಹಿತಿ ಸೋರಿತು. ಅಲ್ಲಿ ನನ್ನ ಪಾಸ್‌ವರ್ಡ್ ಮಗಳ ಹೆಸರು, ಮುಂದೆ 123. ಜಿಮೇಲ್‌ಗೂ ಅದೇ, ಫೇಸ್‌ಬುಕ್‌ಗೂ ಅದೇ. ಮನೆಗೆ, ಗೋದಾಮಿಗೆ, ಪಂಪ್‌ಸೆಟ್ ಪೆಟ್ಟಿಗೆಗೆ ಒಂದೇ ಕೀಲಿ ಇಟ್ಟಂಗೆ. ಕಳ್ಳರು ಸೋರಿದ ಪಟ್ಟಿ ಹಿಡಿದು ಆ ಕೀಲಿಯನ್ನು ಎಲ್ಲ ಬಾಗಿಲಿಗೂ ಹಾಕಿ ನೋಡುತ್ತಾರೆ. ಕೂತು ಟೈಪ್ ಮಾಡುವುದಲ್ಲ, ಪ್ರೋಗ್ರಾಂ ಮಾಡುತ್ತದೆ. ವಾರದೊಳಗೆ ಬ್ಯಾಡಗಿಯ ಸೋದರಮಾವನಿಗೆ ನನ್ನ ಹೆಸರಲ್ಲಿ ‘ಅರ್ಜೆಂಟ್ 10 ಸಾವಿರ ಹಾಕು’ ಎಂದು ಮೆಸೇಜ್. ನಾನು ಮಾವನಿಗೆ ಏಕವಚನ ಹಚ್ಚಿದವನೇ ಅಲ್ಲ, ಅದಕ್ಕೇ ದುಡ್ಡು ಉಳಿಯಿತು.

ಮೊದಲು ಮೇಲ್ ಭದ್ರ ಮಾಡಿ. ‘ಪಾಸ್‌ವರ್ಡ್ ಮರೆತೆ’ ಎಂದು ಒತ್ತಿದರೆ ಮಿಕ್ಕ ಖಾತೆಗಳ ಹೊಸ ಕೀಲಿ ಬರುವುದು ಅಲ್ಲಿಗೇ. ಗೂಗಲ್ ಖಾತೆಯ ಸೆಕ್ಯುರಿಟಿ ಭಾಗಕ್ಕೆ ಹೋಗಿ ಪಾಸ್‌ವರ್ಡ್ ಬದಲಿಸಿ. ಯಾವ್ಯಾವ ಫೋನಿನಲ್ಲಿ ಲಾಗಿನ್ ಆಗಿದೆ ನೋಡಿ, ಗುರುತಿಲ್ಲದ್ದನ್ನು ಸೈನ್ ಔಟ್ ಮಾಡಿ. ಖಾತೆ ಮರಳಿ ಪಡೆಯಲು ಕೊಟ್ಟ ರಿಕವರಿ ನಂಬರ್ ನಿಮ್ಮ ಹಳೇ ಸಿಮ್ಮಿನದಾಗಿದ್ದರೆ ತೆಗೆಯಿರಿ. ರೀಚಾರ್ಜ್ ಮಾಡದೆ ಬಿಟ್ಟ ನಂಬರ್ ಈಗ ಬೇರೆಯವರ ಕೈಲಿರಬಹುದು. ಪಾಸ್‌ವರ್ಡ್ ಸಾಲದೆ ಇನ್ನೊಂದು ಗುರುತೂ ಕೇಳುವ ಎರಡು ಹಂತದ ದೃಢೀಕರಣ ಆನ್ ಮಾಡಿ, ವಾಟ್ಸ್ಆ್ಯಪ್‌ನಲ್ಲೂ ಮಾಡಿ. ಇನ್ನೊಂದು ಯಾರೂ ನೋಡುವುದಿಲ್ಲ: ಫಾರ್ವರ್ಡಿಂಗ್. ನಾನು ಪಾಸ್‌ವರ್ಡ್ ಬದಲಿಸಿದ ಮೇಲೂ ನನ್ನ ಮೇಲ್ ಎಲ್ಲ ಯಾವುದೋ ವಿಳಾಸಕ್ಕೆ ಸುಮ್ನೆ ಹರಿಯುತ್ತಿತ್ತು. ಇದನ್ನು ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಸೆಟ್ಟಿಂಗ್ಸ್‌ನಲ್ಲೇ ನೋಡಬೇಕು.

ಆಮೇಲೆ ಆ ಹಳೇ ಪಾಸ್‌ವರ್ಡ್ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಬೇರೆ ಬೇರೆ ಇಡಿ. ನೆನಪಿರುವುದಿಲ್ಲ ಅಂದರೆ ನೋಟ್‌ಬುಕ್ಕಿನಲ್ಲಿ ಬರೆದು ಟ್ರಂಕಿನಲ್ಲಿಡಿ. ಬೈಯುವವರು ಬೈಯಲಿ, ದೂರದ ಕಳ್ಳ ನಿಮ್ಮ ಟ್ರಂಕು ತೆಗೆಯಲು ಬರುವುದಿಲ್ಲ. ಟ್ರಾಕ್ಟರ್ ನಂಬರನ್ನು ಪಾಸ್‌ವರ್ಡ್ ಮಾಡುವುದು ಮಾತ್ರ ಬೇಡ.

ಆಧಾರ್ ನಂಬರನ್ನೂ ಆ ಆ್ಯಪ್‌ಗೆ ಕೊಟ್ಟಿದ್ದರೆ ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ, ಅಂದರೆ ನಿಮ್ಮ ಬೆರಳಚ್ಚಿಗೆ ಬೀಗ ಹಾಕಿ. ಆಧಾರ್ ನಂಬರ್ ಮತ್ತು ಬೆರಳಚ್ಚು ಇದ್ದರೆ ಒಟಿಪಿ ಇಲ್ಲದೆಯೂ ಬ್ಯಾಂಕಿನಿಂದ ದುಡ್ಡು ತೆಗೆಯುವ ವ್ಯವಸ್ಥೆ ಇದೆ. ಲಾಕ್ ಇದ್ದರೆ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ತಗೊಳ್ಳುವುದಿಲ್ಲ, ಹೋಗುವ ಮುಂಚೆ ತೆರೆಯಬೇಕು. ಮನೆಯವರಿಗೆ ಹೇಳಿಡಿ, ಇಲ್ಲದಿದ್ದರೆ ಪಾಳಿಯಲ್ಲಿ ನಿಂತು ನಿಮಗೇ ಬೈಯುತ್ತಾರೆ.

ಇನ್ನು ಮೇಲೆ ನಿಮ್ಮ ಹೆಸರು, ಊರು, ತಗೊಂಡ ಬೀಜ ಎಲ್ಲಾ ಸರಿಯಾಗಿ ಹೇಳಿಯೇ ಫೋನ್ ಮಾಡುವವರು ಬರಬಹುದು. ಅಷ್ಟಕ್ಕೇ ನಂಬಬೇಡಿ. ದುಡ್ಡು ಹಾಕುತ್ತೇವೆ, ಪಿನ್ ಒತ್ತಿ ಅಂದರೆ ಒತ್ತಬೇಡಿ, ದುಡ್ಡು ಪಡೆಯಲು ಯುಪಿಐ ಪಿನ್ ಬೇಕಾಗಿಲ್ಲ. ವಾಟ್ಸ್ಆ್ಯಪ್‌ಗೆ ಬರುವ ‘ಪಿಎಂ ಕಿಸಾನ್’ ಎಪಿಕೆ ಫೈಲ್, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲ್, ಒತ್ತಲೇಬೇಡಿ. ಹೊಲದಲ್ಲಿ ನೆಟ್‌ವರ್ಕ್ ಹೋಗುವುದು ಮಾಮೂಲು, ಆದರೆ ಹಾವೇರಿ ಬಸ್‌ಸ್ಟ್ಯಾಂಡಿನಲ್ಲೂ ತಾಸುಗಟ್ಟಲೆ ಬರದಿದ್ದರೆ ಸಿಮ್ ಕಂಪನಿಗೆ ಬೇರೆ ಫೋನಿನಿಂದ ಕೇಳಿ, ನಿಮ್ಮ ನಂಬರಿಗೆ ಯಾರೋ ಹೊಸ ಸಿಮ್ ತೆಗೆಸಿರಬಹುದು. ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಮತ್ತು ಬ್ಯಾಂಕಿಗೆ ಫೋನ್ ಮಾಡಿ.

ಇವತ್ತು ರಾತ್ರಿ ಮೇಲ್ ಒಂದನ್ನಾದರೂ ಮುಗಿಸಿ. ಫಾರ್ವರ್ಡಿಂಗ್ ಗೊತ್ತಾಗದಿದ್ದರೆ ಗುರುವಾರ ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ತರುತ್ತೀರಲ್ಲ, ನಾನು ಲ್ಯಾಪ್‌ಟಾಪ್ ತಂದಿರುತ್ತೇನೆ.