ಸ್ಟುಡಿಯೊದಲ್ಲಿ ಫೋನ್ ಎತ್ತುವವರಿಲ್ಲ

ಪ್ರಶ್ನೆ: ನಮ್ಮ ನಗರದ ರೇಡಿಯೊದಲ್ಲಿ ಸಂಜೆ ಕೇಳುಗರೇ ಫೋನ್ ಮಾಡಿ ಮಾತಾಡುವ ಕಾರ್ಯಕ್ರಮ ಬರುತ್ತಿತ್ತು. ಈಗ ಅದು ನಿಂತಿದೆ. ಬೇರೆ ದೇಶಗಳಲ್ಲೂ ಹೀಗೇ ಆಗುತ್ತಿದೆಯಂತೆ. ಜನ ಕೇಳುವುದನ್ನೇ ಬಿಟ್ಟರಾ? ‘ಪಾಡ್‌ಕಾಸ್ಟ್ ಕೇಳಪ್ಪಾ, ಅದೂ ಮಾತೇ ಅಲ್ವಾ’ ಅಂತಾನೆ ಮಗ. ನೀವು ರೇಡಿಯೊದಲ್ಲಿ ಇದ್ದವರು, ಹೇಳಿ ಸರ್.

ಉತ್ತರ: ಜನ ಬಿಟ್ಟಿದ್ದು ಆಮೇಲೆ. ಅದಕ್ಕೂ ಮೊದಲು ಬಿಟ್ಟವರು ನಾವು.

ಹಾಡು ಹಾಕೋಕೆ ಒಂದು ಕಂಪ್ಯೂಟರ್ ಸಾಕು. ಮಾತು ದುಬಾರಿ. ನಿರೂಪಕ ಬೇಕು, ಗಾಜಿನ ಆಚೆ ಕೂತು ಫೋನ್ ಎತ್ತುವವರು ಬೇಕು. ಯಾರಾದರೂ ಕೆಟ್ಟ ಮಾತಾಡಿದರೆ ಕತ್ತರಿಸಲು ಕೆಲವು ಸೆಕೆಂಡ್ ತಡವಾಗಿ ಪ್ರಸಾರ ಮಾಡುವ ಯಂತ್ರವೂ ಬೇಕು. ನಮ್ಮಲ್ಲಿ ಫೋನ್ ಎತ್ತುತ್ತಿದ್ದ ಹುಡುಗಿ ಚೀಟಿಯಲ್ಲಿ ಮೂರೇ ವಿಷಯ ಬರೆದು ಗಾಜಿಗೆ ಒತ್ತಿ ತೋರಿಸುತ್ತಿದ್ದಳು: ಹೆಸರು, ಬಡಾವಣೆ, ಏನು ಸಮಾಚಾರ. ಕೆಲವೊಮ್ಮೆ ಕೆಳಗೆ ಸಣ್ಣಕ್ಷರದಲ್ಲಿ, ‘ಜಾಸ್ತಿ ಮಾತಾಡ್ತಾರೆ, ಹುಷಾರ್’. ಖರ್ಚು ಕಡಿಮೆ ಮಾಡಿ ಅಂತ ಮೇಲಿನಿಂದ ಬಂದಾಗ ಮೊದಲು ಹೋದದ್ದು ಅವಳ ಕೆಲಸ.

ಅಮೆರಿಕದಲ್ಲಿ ಇದೇ ಕತೆ ದೊಡ್ಡದಾಗಿ ನಡೆಯಿತು. 1988ರಿಂದ ರಶ್ ಲಿಂಬಾ ಎಂಬ ನಿರೂಪಕರ ರಾಜಕೀಯ ಮಾತಿನ ಕಾರ್ಯಕ್ರಮ ದೇಶದ ಉದ್ದಗಲಕ್ಕೂ ಹೋಗತೊಡಗಿತು. ಊರೂರಿನ ಸ್ಟೇಷನ್‌ಗಳಿಗೆ ಸಿದ್ಧ ಸರಕು ಸಿಕ್ಕಿತು. ಬದಲಿಗೆ ಸ್ವಲ್ಪ ಜಾಹೀರಾತಿನ ಸಮಯ ಬಿಟ್ಟುಕೊಟ್ಟರೆ ಆಯಿತು. ಆಮೇಲೆ 1996ರ ಕಾನೂನು ಬಂತು. ದೇಶದಲ್ಲಿ ಒಂದು ಕಂಪನಿ ಇಷ್ಟೇ ಸ್ಟೇಷನ್ ಇಟ್ಟುಕೊಳ್ಳಬಹುದು ಅನ್ನುವ ಮಿತಿ ಹೋಯಿತು. ಕ್ಲಿಯರ್ ಚಾನೆಲ್ ಕಂಪನಿ 1,200ಕ್ಕೂ ಹೆಚ್ಚು ಸ್ಟೇಷನ್ ಕೊಂಡಿತು. ಸಾಲ ಬೆಟ್ಟದಷ್ಟು, ಜಾಹೀರಾತು ಇಂಟರ್ನೆಟ್ ಕಡೆಗೆ ಓಡುತ್ತಿತ್ತು. ಊರಿನ ನಿರೂಪಕರಿಗೆ ಸಂಬಳ ಕೊಡುವವರು ಯಾರು? ಸ್ಯಾನ್ ಫ್ರಾನ್ಸಿಸ್ಕೊದ ಕೆಜಿಒ ಸ್ಟೇಷನ್ ದಶಕಗಳ ಕಾಲ ಆ ನಗರದಲ್ಲಿ ಎಲ್ಲರಿಗಿಂತ ಮುಂದಿತ್ತು. 2022ರ ಅಕ್ಟೋಬರ್‌ನಲ್ಲಿ ಇದ್ದಕ್ಕಿದ್ದಂತೆ ಅದರ ಮಾತು ನಿಲ್ಲಿಸಿ, ಆ ಜಾಗಕ್ಕೆ ಆಟದ ಬೆಟ್ಟಿಂಗ್ ಕುರಿತ ಮಾತು ತಂದರು. ನಿಮ್ಮ ಮಗ ಹೇಳಿದ ಹಾಗೆ, ಅದೂ ಮಾತೇ! ಇಂಗ್ಲೆಂಡಿನಲ್ಲಿ ಬಿಬಿಸಿಯ 39 ಸ್ಥಳೀಯ ಸ್ಟೇಷನ್‌ಗಳು 2023ರಿಂದ ವಾರದ ದಿನಗಳಲ್ಲಿ ಮಧ್ಯಾಹ್ನ 2ರ ಮೇಲೆ ಕಾರ್ಯಕ್ರಮ ಹಂಚಿಕೊಳ್ಳುತ್ತಿವೆ.

ನನ್ನದೊಂದು ಹೇಳಿಬಿಡುತ್ತೇನೆ. ಕೊನೆಯ ವರ್ಷ ನನ್ನ ನಾಲ್ಕು ಗಂಟೆ ಉದ್ದದ ಸಂಜೆ ಕಾರ್ಯಕ್ರಮವನ್ನು ಬೆಳಿಗ್ಗೆ ಹನ್ನೊಂದಕ್ಕೇ 40 ನಿಮಿಷದಲ್ಲಿ ರೆಕಾರ್ಡ್ ಮಾಡಿಸುತ್ತಿದ್ದರು. ನಡುವೆ ಹಾಡು, ಜಾಹೀರಾತು ಕಂಪ್ಯೂಟರ್ ಜೋಡಿಸುತ್ತಿತ್ತು. ಹವಾಮಾನ ಎತ್ತಬೇಡಿ ಅಂತ ಸೂಚನೆ ಇತ್ತು. ಬಾಯಿ ಕೇಳಬೇಕಲ್ಲ! ಒಂದು ದಿನ ಅಭ್ಯಾಸಬಲದಲ್ಲಿ ‘ಎಂಥಾ ತಂಪಾದ ಸಂಜೆ’ ಅಂದುಬಿಟ್ಟೆ. ಅವತ್ತು ಸಂಜೆ ಮಳೆ ಹೇಗೆ ಸುರಿಯಿತು ಅಂದರೆ, ಮೊಣಕಾಲು ನೀರಿನಲ್ಲಿ ಬಸ್ಸು ಕೆಟ್ಟು ನಿಂತಿತು. ನಾನೂ ಒಳಗೇ ಇದ್ದೆ. ಡ್ರೈವರ್ ರೇಡಿಯೊ ಹಾಕಿದರು. ತಂಪಾದ ಸಂಜೆ ಅಂತ ನನ್ನದೇ ದನಿ. ‘ಇವನಿಗೇನು, ಎಲ್ಲೋ ಬೆಚ್ಚಗೆ ಕೂತಿದಾನೆ’ ಅಂದರು ಪಕ್ಕದವರು. ನಾನು ತುಟಿ ಬಿಚ್ಚಲಿಲ್ಲ. ಮಾರನೇ ದಿನ ವಾಚ್‌ಮನ್ ಹೇಳಿದರು, ‘ರಾತ್ರಿ ಹತ್ತರವರೆಗೂ ಫೋನ್ ಹೊಡ್ಕೊಳ್ತಾನೇ ಇತ್ತು ಸಾರ್. ಬೀಗ ಹಾಕಿತ್ತು, ನಾನೇನ್ ಮಾಡ್ಲಿ?’

ಅಮೆರಿಕದ ಮೈನಾಟ್ ಎಂಬ ಊರಿನ ವಿಷಯ ಓದಿದಾಗಲೆಲ್ಲ ನನಗೆ ಆ ಫೋನ್ ನೆನಪಾಗುತ್ತದೆ. 2002ರ ಜನವರಿಯ ಒಂದು ರಾತ್ರಿ ಅಲ್ಲಿ ಗೂಡ್ಸ್ ರೈಲು ಹಳಿ ತಪ್ಪಿ ಅಮೋನಿಯ ಸೋರಿತು. ಒಬ್ಬರು ಸತ್ತರು. ಊರಿನ ಆರು ಸ್ಟೇಷನ್ ಒಂದೇ ಕಂಪನಿಯ ಕೈಯಲ್ಲಿದ್ದವು. ಪೊಲೀಸರು ಫೋನ್ ಮಾಡಿದರೂ ಯಾರೂ ಸಿಗಲಿಲ್ಲ ಅನ್ನುವುದು ದೊಡ್ಡ ಗಲಾಟೆಯಾಯಿತು. ತುರ್ತು ಎಚ್ಚರಿಕೆಯ ವ್ಯವಸ್ಥೆಯನ್ನು ಪೊಲೀಸರೇ ಸರಿಯಾಗಿ ಬಳಸಲಿಲ್ಲ ಎಂದು ಕಂಪನಿ ವಾದಿಸಿತು. ಎರಡೂ ನಿಜವಿರಬಹುದು.

ಪಾಡ್‌ಕಾಸ್ಟ್ ನಾನೂ ಕೇಳುತ್ತೇನೆ, ಕೆಲವು ನಮ್ಮ ಕಾರ್ಯಕ್ರಮಕ್ಕಿಂತ ಎಷ್ಟೋ ಚೆನ್ನಾಗಿವೆ. ಆದರೆ ಪೈಪ್ ಒಡೆದು ರಸ್ತೆ ತುಂಬ ನೀರು ಅಂತ ಅದಕ್ಕೆ ಫೋನ್ ಮಾಡೋಕೆ ಆಗಲ್ಲ. ಮಾಡಿದರೂ ಕೇಳುವವರು ನಿಮ್ಮ ರಸ್ತೆಯವರಲ್ಲ. ಮಗನಿಗೆ ಇಷ್ಟು ಹೇಳಿ.

ಪ್ರಶ್ನೆ: ಹಳೇ ರೇಡಿಯೊ ಮೀಡಿಯಂ ವೇವ್‌ನಲ್ಲಿ ಗುಂಯ್ ಅನ್ನುತ್ತದೆ. ಗುಜರಿಗೆ ಹಾಕಲಾ?

ಉತ್ತರ: ಬೇಡ! ರೇಡಿಯೊ ತಪ್ಪಲ್ಲದೇ ಇರಬಹುದು. ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್ ಇಂಥವೂ ಹಾಗೆ ಕಾಟ ಕೊಡುತ್ತವೆ. ಒಂದೊಂದಾಗಿ ಆರಿಸಿ ನೋಡಿ. ಆಮೇಲೆ ರೇಡಿಯೊವನ್ನು ಮೇಜಿನ ಮೇಲೆ ನಿಧಾನವಾಗಿ ತಿರುಗಿಸಿ. ಮೀಡಿಯಂ ವೇವ್ ಆಂಟೆನಾ ಸಾಮಾನ್ಯವಾಗಿ ಪೆಟ್ಟಿಗೆಯ ಒಳಗೇ ಇರುತ್ತದೆ, ಮೇಲಿನ ಕಡ್ಡಿ ಎಳೆದು ಪ್ರಯೋಜನವಿಲ್ಲ.