ಕಂಬಿಯನ್ನು ಶೀಟಿನ ಮೇಲೆ ಮಲಗಿಸಬೇಡಿ

ಕುಂದಾಪುರದ ಓದುಗರೊಬ್ಬರು ಕೇಳಿದ್ದಾರೆ: “ಮುಂದಿನ ವಾರ ನಮ್ಮ ಮನೆಯ ಮೋಲ್ಡ್. ಕಂಬಿ ಕಟ್ಟಿ ಆಗಿದೆ, ಆದರೆ ಎಲ್ಲಾ ಸೆಂಟ್ರಿಂಗ್ ಶೀಟಿನ ಮೇಲೇ ಮಲಗಿದೆ. ಕಾಂಕ್ರೀಟ್ ಹಾಕುವಾಗ ಜಲ್ಲಿ ತುಂಡು ಕೊಟ್ಟು, ಕೊಕ್ಕೆಯಲ್ಲಿ ಎತ್ತಿಕೊಳ್ಳುತ್ತೇವೆ ಅಂತಾರೆ ಮೇಸ್ತ್ರಿ. ಇಷ್ಟು ಸಾಕೇ? ಮುಂದೆ ಬಾಲ್ಕನಿಯೂ ಇದೆ.”

ಸಾಲದು. ಮೇಸ್ತ್ರಿಯವರ ಜೊತೆ ಜಗಳ ಬೇಡ, ಆದರೆ ಈ ಒಂದು ವಿಷಯದಲ್ಲಿ ದಯವಿಟ್ಟು ಬಿಟ್ಟುಕೊಡಬೇಡಿ.

ಕೊಕ್ಕೆಯಲ್ಲಿ ಎತ್ತಿದ ಕಂಬಿ ಎತ್ತಿದಲ್ಲೇ ನಿಲ್ಲುವುದಿಲ್ಲ. ಬಾಂಡ್ಲಿ ಹೊತ್ತವರು ಕಾಲಿಟ್ಟರೆ, ವೈಬ್ರೇಟರ್ ತಾಗಿದರೆ ಮತ್ತೆ ಕೆಳಗಿಳಿಯುತ್ತದೆ. ಜಲ್ಲಿ ತುಂಡು ಒಂದೊಂದು ಒಂದೊಂದು ಅಳತೆ. ಕಟ್ಟಿರುವುದಿಲ್ಲ, ಸುಮ್ನೆ ಜಾರುತ್ತದೆ. ಇಟ್ಟಿಗೆ ಚೂರು, ಮರದ ತುಂಡಂತೂ ಬೇಡವೇ ಬೇಡ. ಇಟ್ಟಿಗೆ ನೀರು ಹೀರುತ್ತದೆ, ಮರ ಕೊಳೆಯುತ್ತದೆ.

ನಿಮ್ಮದು ಕಡಲ ಹತ್ತಿರದ ಊರು, ಅಲ್ವಾ? ಅಲ್ಲಿ ಕವರ್, ಅಂದರೆ ಕಂಬಿಯಿಂದ ಕಾಂಕ್ರೀಟಿನ ಹೊರಮೈವರೆಗಿನ ದಪ್ಪ, ಇನ್ನೂ ಮುಖ್ಯ. ಕಂಬಿಗೆ ತುಕ್ಕು ಹಿಡಿಯದಂತೆ ಕಾಯುವುದು ಸುತ್ತಲಿನ ಕಾಂಕ್ರೀಟಿನ ಕ್ಷಾರಗುಣ. ಕವರ್ ತೆಳುವಾದರೆ ಉಪ್ಪು, ತೇವ ಬೇಗ ಕಂಬಿ ಮುಟ್ಟುತ್ತವೆ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಡುತ್ತದೆ. ಆಗ ಕಾಂಕ್ರೀಟ್ ಬಿರುಕು ಬಿಟ್ಟು ಚಕ್ಕೆಯಾಗಿ ಉದುರುತ್ತದೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 (2000) ಪ್ರಕಾರ ಒಳನಾಡಿನ ಮನೆಯೊಳಗಿನ ಸ್ಲ್ಯಾಬಿಗೆ 20 ಮಿ.ಮೀ. ಕವರ್ ಸಾಕು. ಕರಾವಳಿಯಲ್ಲಿ ಉಪ್ಪುಗಾಳಿಯಿಂದ ಮರೆಯಾಗಿರುವ ಭಾಗಕ್ಕೆ 30, ನೇರ ತೆರೆದುಕೊಂಡ ಭಾಗಕ್ಕೆ 45. ಕವರ್ ಹೆಚ್ಚಿಸಿದರೆ ಸ್ಲ್ಯಾಬಿನ ದಪ್ಪವನ್ನೂ ನೋಡಬೇಕಾಗುತ್ತದೆ. ಹಾಗಾಗಿ ಡ್ರಾಯಿಂಗಿನಲ್ಲಿ ಏನಿದೆ ಎಂದು ಎಂಜಿನಿಯರನ್ನು ಇವತ್ತೇ ಕೇಳಿ.

ನನಗೆ ಇದಕ್ಕಿಂತ ದೊಡ್ಡ ಆತಂಕ ನಿಮ್ಮ ಬಾಲ್ಕನಿಯದು. ಕೋಣೆಯ ಸ್ಲ್ಯಾಬ್ ನಡುವೆ ತಗ್ಗುತ್ತದೆ, ಅದರ ಎಳೆತ ಕೆಳಮೈಯಲ್ಲಿ. ಹೊರಚಾಚಿದ ಬಾಲ್ಕನಿಯಲ್ಲಿ ಎಳೆತ ಮೇಲ್ಮೈಯಲ್ಲಿ, ಆದ್ದರಿಂದ ಮುಖ್ಯ ಕಂಬಿ ಮೇಲಿರಬೇಕು. 150 ಮಿ.ಮೀ. ದಪ್ಪ, ಮೇಲೆ 45 ಕವರ್, 10 ಮಿ.ಮೀ. ಕಂಬಿ ಎಂದಿಟ್ಟುಕೊಳ್ಳಿ. ಕೆಳಮೈಯಿಂದ ಕಂಬಿಯ ನಡುವಿಗೆ 100 ಮಿ.ಮೀ. ಯಾರೋ ತುಳಿದು ಅದು 30 ಮಿ.ಮೀ. ಇಳಿದರೆ ಬಾಲ್ಕನಿಯ ಬಲದಲ್ಲಿ ಸುಮಾರು ಮೂರನೇ ಒಂದು ಪಾಲು ಹೋಯಿತು. ಪೂರ್ತಿ ತಳ ಸೇರಿದರೆ ಆ ಕಂಬಿ ಇದ್ದೂ ಇಲ್ಲದಂತೆ. ಸೆಂಟ್ರಿಂಗ್ ಬಿಚ್ಚುವಾಗಲೇ ಬಾಲ್ಕನಿ ಬೀಳಬಹುದು.

ಅಲ್ಲಿಗೆ ಕವರ್ ಬ್ಲಾಕ್ (ಕಂಬಿಯಡಿ ಇಡುವ ಅಳತೆಯ ಬಿಲ್ಲೆ) ಸಾಲದು, ಚೇರ್ ಬೇಕು. 10 ಅಥವಾ 12 ಮಿ.ಮೀ. ಕಂಬಿಯನ್ನೇ ಕುರ್ಚಿಯ ಆಕಾರಕ್ಕೆ ಬಗ್ಗಿಸಿ, ಕೆಳಜಾಲರಿಯ ಮೇಲೆ ನಿಲ್ಲಿಸಿ, ಬೈಂಡಿಂಗ್ ವೈರಿನಿಂದ ಎರಡೂ ಕಡೆ ಬಿಗಿಯಬೇಕು. ಕೆಳಜಾಲರಿ ಇಲ್ಲದಿದ್ದರೆ ಚೇರಿನ ಕಾಲಡಿಗೂ ಕವರ್ ಬ್ಲಾಕ್ ಕೊಡಿ, ಬರೀ ಕಂಬಿ ಶೀಟಿಗೆ ತಾಗಬಾರದು. ಮೀಟರಿಗೊಂದರಂತೆ ಇಡಿಸಿ. ಓಡಾಡಲು ಹಲಗೆ ಹಾಕಿಸಿ. ಒಳಗಿನ ತೊಲೆಗಳ ಮೇಲೆ ಹಾಯುವ ಮೇಲ್ಕಂಬಿಗೂ ಇದೇ ಕ್ರಮ.

ಕೆಳಕಂಬಿಗೆ ಎರಡೂವರೆ-ಮೂರು ಅಡಿಗೊಂದು ಕವರ್ ಬ್ಲಾಕ್ ಕಟ್ಟಿಸಿ. ಅಂಗಡಿಯಲ್ಲಿ ರೆಡಿಮೇಡ್ ಸಿಗುತ್ತದೆ, ಅಳತೆ ನೋಡಿ ತನ್ನಿ. ಸೈಟಿನಲ್ಲೇ ಮಾಡಿದ ಸಿಮೆಂಟ್ ಬಿಲ್ಲೆಯಾದರೆ ಒಂದು ವಾರ ನೀರಲ್ಲಿ ನೆನೆದಿರಬೇಕು. ನಿನ್ನೆ ಮಾಡಿದ್ದು ಕಾಲಿಟ್ಟರೆ ಪುಡಿ. ನಿಮಗಿರುವುದು ಒಂದೇ ವಾರ, ರೆಡಿಮೇಡೇ ತನ್ನಿ. ಮೋಲ್ಡ್ ದಿನ ಮೊದಲ ಬಾಂಡ್ಲಿ ಬೀಳುವ ಮುಂಚೆ ನೀವೇ ಮೇಲೆ ಹತ್ತಿ, ಬಾಲ್ಕನಿಯ ಕಂಬಿಯನ್ನು ಕೈಯಿಂದ ಒತ್ತಿ ನೋಡಿ. ಬಗ್ಗಿದರೆ ಇನ್ನೆರಡು ಚೇರ್ ಹಾಕಿಸಿಯೇ ಕಾಂಕ್ರೀಟ್ ಶುರು ಮಾಡಿಸಿ.