ಐಪಿಎಂಐಗೆ ಗಟ್ಟಿ ಪಾಸ್‌ವರ್ಡ್ ಹಾಕಿದರೆ ಸಾಕಾ?

ನಿಮ್ಮ ಸರ್ವರ್‌ನ ಐಪಿಎಂಐಗೆ (ಸರ್ವರನ್ನು ದೂರದಿಂದಲೇ ನಿಯಂತ್ರಿಸುವ ವ್ಯವಸ್ಥೆ) ಪಬ್ಲಿಕ್ ಐಪಿ, ಅಂದರೆ ಇಂಟರ್ನೆಟ್‌ನಿಂದ ಯಾರು ಬೇಕಾದರೂ ತಲುಪಬಹುದಾದ ವಿಳಾಸ, ಇದೆ, ಉದ್ದದ ಪಾಸ್‌ವರ್ಡ್ ಹಾಕಿದ್ದೀರಿ, ಎಚ್‌ಟಿಟಿಪಿಎಸ್ ಆನ್ ಮಾಡಿದ್ದೀರಿ, ಇನ್ನೇನು ಮಾಡಬೇಕು ಅಂತ ಕೇಳಿದ್ದೀರಿ. ಮೊದಲು ಆ ಪಬ್ಲಿಕ್ ಐಪಿ ತೆಗೆಸಿ. ಮಿಕ್ಕಿದ್ದೆಲ್ಲ ಆಮೇಲೆ.

ಐಪಿಎಂಐ ನಡೆಸುವ ಕಂಟ್ರೋಲರ್, ಡೆಲ್‌ನ ಐಡ್ರಾಕ್ ಆಗಲಿ, ಎಚ್‌ಪಿಯ ಐಲೋ ಆಗಲಿ, ಮದರ್‌ಬೋರ್ಡ್ ಮೇಲೆ ಕೂತಿರುವ ಇನ್ನೊಂದು ಪುಟ್ಟ ಕಂಪ್ಯೂಟರ್. ಸರ್ವರ್ ಆಫ್ ಇದ್ದರೂ ಅದು ಓಡುತ್ತಿರುತ್ತದೆ. ಲಿನಕ್ಸ್‌ನಲ್ಲಿ ನೀವು ಹಾಕಿದ ಫೈರ್‌ವಾಲ್ ಅದನ್ನು ಕಾಯುವುದಿಲ್ಲ. ಒಳಗೆ ಬಂದವರು ತಮ್ಮದೇ ಐಎಸ್‌ಒ (ಡಿಸ್ಕ್ ಇಮೇಜ್ ಫೈಲ್) ಮೌಂಟ್ ಮಾಡಿ ಮೆಷಿನ್ ಬೂಟ್ ಮಾಡಬಹುದು.

ಪಾಸ್‌ವರ್ಡ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಜಾಸ್ತಿ ಜನ ಎಡವುವುದು ಇಲ್ಲೇ. ಐಪಿಎಂಐ 2.0ರಲ್ಲಿ ಲಾಗಿನ್ ಪೂರ್ತಿಯಾಗುವ ಮೊದಲೇ, ಯುಡಿಪಿ 623 ಪೋರ್ಟ್‌ನಲ್ಲಿ ಕೇಳಿದವರಿಗೆ ಕಂಟ್ರೋಲರ್ ಒಂದು ಹ್ಯಾಶ್ ಕೊಟ್ಟುಬಿಡುತ್ತದೆ. ಅದು ನಿಮ್ಮ ಪಾಸ್‌ವರ್ಡ್‌ನಿಂದಲೇ ಲೆಕ್ಕ ಹಾಕಿದ್ದು. ಯೂಸರ್ ಹೆಸರು ಗೊತ್ತಿದ್ದರೆ ಸಾಕು. ಅದನ್ನು ತಮ್ಮ ಮೆಷಿನ್‌ಗೆ ಒಯ್ದು ಪಾಸ್‌ವರ್ಡ್‌ಗಳನ್ನು ಊಹಿಸಿ ಹೋಲಿಸುತ್ತಾ ನಿಧಾನವಾಗಿ ಒಡೆಯುತ್ತಾರೆ, ನಿಮ್ಮ ಲಾಕ್‌ಔಟ್ ಸೆಟ್ಟಿಂಗ್‌ಗೆ ಸುಳಿವೂ ಸಿಗುವುದಿಲ್ಲ. ಭದ್ರತಾ ದೋಷಗಳ ಪಟ್ಟಿಯಲ್ಲಿ ಇದಕ್ಕೆ ಸಿವಿಇ-2013-4786 ಅಂತ ನಂಬರ್ ಇದೆ. ತಪ್ಪು ಪ್ರೋಟೋಕಾಲ್‌ನಲ್ಲೇ ಇರುವುದರಿಂದ ಫರ್ಮ್‌ವೇರ್ (ಕಂಟ್ರೋಲರ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್‌ನಿಂದ ಹೋಗುವುದಿಲ್ಲ.

ಹಾಗಾಗಿ 'ಐಪಿಎಂಐ ಓವರ್ ಲ್ಯಾನ್' ಆಫ್ ಮಾಡಿ. ವೆಬ್ ಕನ್ಸೋಲ್ ಎಂದಿನಂತೆ ಇರುತ್ತದೆ. ಮಾನಿಟರಿಂಗ್ ಸ್ಕ್ರಿಪ್ಟ್‌ಗಳು ಐಪಿಎಂಐಟೂಲ್ ಎಂಬ ಕಮಾಂಡ್‌ನಿಂದ ನೆಟ್‌ವರ್ಕ್ ಮೇಲೆ ಓದುತ್ತಿದ್ದರೆ ಮೊದಲು ಅವನ್ನು ರೆಡ್‌ಫಿಶ್‌ಗೆ (ಎಚ್‌ಟಿಟಿಪಿಎಸ್ ಮೇಲೆ ನಡೆಯುವ ಹೊಸ ವಿಧಾನ) ಬದಲಾಯಿಸಿಕೊಳ್ಳಿ, ಇಲ್ಲದಿದ್ದರೆ ಅವೆಲ್ಲ ನಿಂತುಹೋಗುತ್ತವೆ. ಆಫ್ ಮಾಡಲು ಆಗದೇ ಇದ್ದರೆ ಸೈಫರ್ 0 ಎಂಬ ಲಾಗಿನ್ ಆಯ್ಕೆಯನ್ನು ತೆಗೆಯಿರಿ, ಅದು ಪಾಸ್‌ವರ್ಡ್ ಪರೀಕ್ಷಿಸದೆಯೇ ಒಳಗೆ ಬಿಡುತ್ತದೆ. ಪ್ರತಿ ಸರ್ವರ್‌ಗೂ ಬೇರೆ ಬೇರೆ ರ‍್ಯಾಂಡಮ್ ಪಾಸ್‌ವರ್ಡ್ ಇಡಿ. ಐಪಿಎಂಐಗೆ 20 ಅಕ್ಷರವೇ ಮಿತಿ, ಆ 20ನ್ನೂ ಬಳಸಿ.

ಎಚ್‌ಟಿಟಿಪಿಎಸ್ ಒಂದನ್ನೇ ನಂಬಿ ಕೂರಬೇಡಿ. ಐಲೋ 4ರಲ್ಲಿ 2.53ಕ್ಕಿಂತ ಹಳೆಯ ಫರ್ಮ್‌ವೇರ್ ಇದ್ದರೆ, 'ಕನೆಕ್ಷನ್' ಹೆಡರ್‌ನಲ್ಲಿ 29 ಸಲ 'ಎ' ಅಕ್ಷರ ಕಳಿಸಿದರೆ ಲಾಗಿನ್ನೇ ಬೇಕಿರಲಿಲ್ಲ. ಅಷ್ಟೇ ಸಾಕಿತ್ತು! ಫರ್ಮ್‌ವೇರ್ ಹೊಸದಿರಲಿ, ಆದರೂ ಕಂಟ್ರೋಲರ್ ಬೇರೆ ವಿಲ್ಯಾನ್‌ನಲ್ಲಿ, ಅಂದರೆ ಪ್ರತ್ಯೇಕಿಸಿದ ನೆಟ್‌ವರ್ಕ್‌ನಲ್ಲಿ, ಇರಲಿ, ವಿಪಿಎನ್ ಮೂಲಕ ಮಾತ್ರ ಸಿಗಲಿ.

ಸೂಪರ್‌ಮೈಕ್ರೋ ಬೋರ್ಡ್ ಆದರೆ ನಾನು ತಪ್ಪದೇ ನೋಡುವುದು ಲ್ಯಾನ್ ಮೋಡ್. ಅದು ಸಾಮಾನ್ಯವಾಗಿ 'ಫೇಲ್‌ಓವರ್' ಅಂತ ಇರುತ್ತದೆ. ಮ್ಯಾನೇಜ್‌ಮೆಂಟ್ ಪೋರ್ಟ್‌ನಲ್ಲಿ ಕೇಬಲ್ ಇಲ್ಲದಿದ್ದರೆ ಕಂಟ್ರೋಲರ್ ಸುಮ್ನೆ ಮೊದಲ ಲ್ಯಾನ್ ಪೋರ್ಟ್‌ಗೆ ಹೋಗಿ ಕೂರುತ್ತದೆ, ಅಂದರೆ ನಿಮ್ಮ ಇಂಟರ್ನೆಟ್ ಬರುವ ಪೋರ್ಟ್‌ಗೇ. ಅದನ್ನು 'ಡೆಡಿಕೇಟೆಡ್' ಮಾಡಿ.

ಸರ್ವರ್‌ನಲ್ಲಿ ರೂಟ್ (ಪೂರ್ಣ ಅಧಿಕಾರ) ಸಿಕ್ಕವರು ಒಳಗಿನಿಂದಲೇ ಕಂಟ್ರೋಲರ್‌ಗೆ ಹೊಸ ಯೂಸರ್ ಸೇರಿಸುವ ದಾರಿಯೂ ಎಷ್ಟೋ ಮೆಷಿನ್‌ಗಳಲ್ಲಿ ತೆರೆದೇ ಇರುತ್ತದೆ, ಪಾಸ್‌ವರ್ಡ್ ಕೇಳುವುದಿಲ್ಲ. ಆಗಾಗ ಯೂಸರ್ ಪಟ್ಟಿ ನೋಡುತ್ತಿರಿ.

ಎಲ್ಲ ಮುಗಿದ ಮೇಲೆ ಮೊಬೈಲ್ ಹಾಟ್‌ಸ್ಪಾಟ್‌ನಿಂದ, ಅಂದರೆ ನಿಮ್ಮ ನೆಟ್‌ವರ್ಕ್‌ನ ಹೊರಗಿನಿಂದ, ಪೋರ್ಟ್ ಪರೀಕ್ಷಿಸುವ ಟೂಲ್ ಎನ್‌ಮ್ಯಾಪ್ ಓಡಿಸಿ ಯುಡಿಪಿ 623, ಟಿಸಿಪಿ 443 ಎರಡನ್ನೂ ನೋಡಿ. ಯುಡಿಪಿಯಲ್ಲಿ ಬರೀ 'ಓಪನ್ ಅಥವಾ ಫಿಲ್ಟರ್ಡ್' ಅಂತ ಬಂದರೆ ಏನೂ ಗೊತ್ತಾಗುವುದಿಲ್ಲ, ಅಲ್ವಾ? ಐಪಿಎಂಐ ವರ್ಷನ್ ಕೇಳುವ ಸ್ಕ್ರಿಪ್ಟ್ ಜೊತೆಗೆ ಓಡಿಸಿ. ಅದಕ್ಕೆ ಉತ್ತರ ಬಂದರೆ ಪೋರ್ಟ್ ಇನ್ನೂ ತೆರೆದೇ ಇದೆ.